ಪಾಲಿಯೆಸ್ಟರಿನ ಹೆಪ್ಪು

ಮೊದಲ ತಪ್ಪು ನನ್ನದೇ. ಸೇಡಂನ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಕಿಣ್ವ ಬಳಸಿ ಪಾಲಿಯೆಸ್ಟರ್ ತಯಾರಿಸುವ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದೆ. ಕಾರ್ಖಾನೆಯವರು ಇನ್ನೂರು ಡಿಗ್ರಿ ದಾಟಿಸಿ ಮಾಡುವ ಕೆಲಸವನ್ನು ಈ ಕಿಣ್ವ ಎಪ್ಪತ್ತರಲ್ಲೇ ಮಾಡುತ್ತದೆ. ಸಾಸಿವೆಗಿಂತ ಸಣ್ಣ ಬಿಳಿ ಕಾಳುಗಳಿಗೆ ಅದನ್ನು ಅಂಟಿಸಿರುತ್ತಾರೆ. ಇದೇನೆಂದು ಅವ್ವ ಕೇಳಿದಾಗ ಇಷ್ಟೆಲ್ಲ ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

"ಪಾಲಿಯೆಸ್ಟರಿಗಿ ಇದು ಹೆಪ್ಪು ಇದ್ದಂಗ. ಸೋಸಿಕೊಂಡು ಮತ್ತ ಮತ್ತ ಬಳಸಬಹುದು" ಅಂದಿದ್ದೆ.

ಕಾಲೇಜಿನ ಫ್ರಿಜ್ ಕೆಟ್ಟಿದ್ದರಿಂದ ಕಾಳುಗಳ ಸೀಸೆ ಮನೆಯ ಫ್ರಿಜ್ಜಿಗೆ ಬಂತು. ಉಳಿದದ್ದೇ ಎರಡು ಚಮಚ. ಮಂಗಳವಾರ ಕಲಬುರಗಿಯಲ್ಲಿ ಗೈಡಿಗೆ ಕೊನೆಯ ಮಾದರಿ ತೋರಿಸದಿದ್ದರೆ ನನ್ನ ಪ್ರಬಂಧ ಇನ್ನೊಂದು ವರ್ಷ ಮುಂದಕ್ಕೆ.

ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಹೋತ ಹೊಕ್ಕಂಥ ವಾಸನೆ. ಅವ್ವ ಹಾಲಿನ ಪಾತ್ರೆಯಿಂದ ಬಟ್ಟೆಯ ಗಂಟೊಂದನ್ನು ಎತ್ತಿದಳು. ಅದರೊಳಗೆ ನನ್ನ ಕಾಳುಗಳಿದ್ದವು.

"ನಮ್ಮ ಹೆಪ್ಪು ತೀರಿತ್ತು. ಶುಕ್ರವಾರ ಕೊಟ್ರ ಮನಿ ಲಕ್ಷ್ಮಿ ಹೋಗ್ತಾಳಂತಾರ, ಹೆಪ್ಪು ಯಾರು ಕೊಡ್ತಾರ? ಒಂದ್ ಕಾಳೂ ಚೆಲ್ಲಿಲ್ಲ ನೋಡು" ಅಂದಳು.

ನೀರು ಹೀರಿ ತೆಗೆಯುತ್ತಿದ್ದರೆ ಅಣುಗಳನ್ನು ಸರಪಳಿಯಾಗಿ ಕಟ್ಟುವ ಈ ಕಿಣ್ವ, ನೀರು ಸಿಕ್ಕಿತೋ, ಕತ್ತರಿಸಲು ಕೂರುತ್ತದೆ. ಹಾಲಿನ ಕೊಬ್ಬನ್ನು ಬೆಳಗಿನ ತನಕ ಕತ್ತರಿಸಿತ್ತು; ಆ ವಾಸನೆ ಅದರದೇ. ನನಗೆ ಸಿಟ್ಟು ನೆತ್ತಿಗೇರಿತು. "ಕಲಿತವರ ವಸ್ತು ಮುಟ್ಟಬ್ಯಾಡ" ಎಂದುಬಿಟ್ಟೆ. ಅವ್ವ ಹಾಲನ್ನು ಬೇವಿನ ಬುಡಕ್ಕೆ ಸುರಿದಳು. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬೇರೆ ದಾರಿ ಇರಲಿಲ್ಲ. ಕಾಳುಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಿಸಿ, ಕಾಲೇಜಿನಲ್ಲಿ ಪಾಲಿಯೆಸ್ಟರಿನ ಕಚ್ಚಾವಸ್ತುಗಳೊಡನೆ ಫ್ಲಾಸ್ಕಿಗೆ ಹಾಕಿದೆ. ಪಂಪು ನೀರು ಹೀರುತ್ತಿತ್ತು. ನಾನು ಗೊತ್ತಿದ್ದ ದೇವರನ್ನೆಲ್ಲ ನೆನೆಯುತ್ತಿದ್ದೆ. ಸೋಮವಾರ ಮಧ್ಯಾಹ್ನ ಗಾಜಿನ ಕಡ್ಡಿ ಎತ್ತಿದರೆ ಅಂಟು ಉದ್ದಕ್ಕೆ ಎಳೆಯಾಗಿ ಬಂತು. ಒಂದಿಷ್ಟನ್ನು ಸೀಸೆಯಲ್ಲಿ ತುಂಬಿ ಮನೆಗೆ ಒಯ್ದೆ. ಅವ್ವ ಅದನ್ನು ಓರೆ ಮಾಡಿ ನೋಡಿ, "ಒಂದೆಳಿ ಪಾಕ ಬಂದದ" ಅಂದಳು. ಎರಡು ದಿನಗಳಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಗೈಡು ಮಾದರಿ ಒಪ್ಪಿದರು. ಕಿಣ್ವವನ್ನು ಮೊದಲು ಯಾವುದರಲ್ಲಿ ಬಳಸಿದ್ದೆಂದು ಕೇಳಿದರು. ಹಾಲಿನಲ್ಲಿ ಅಂದೆ. "ಆಗಿದ್ದೆಲ್ಲಾ ಬರೀರಿ, ಮುಚ್ಚಿಡಬ್ಯಾಡ್ರಿ" ಅಂದರು.

ಆ ಪುಟ ಬರೆಯುವಾಗ ಅವ್ವ ಬಂದು ಪಕ್ಕದಲ್ಲಿ ಕುಳಿತಳು.

"ನಾ ಹಾಲಿಗಿ ಹಾಕಿದ್ದು ಬರದಿಯೇನು?"

"ಬರದೀನಿ."

"ನಾತ ಬಂದಿದ್ದು?"

"ಅದೂ ಬರದೀನಿ."

ಅವ್ವ ಸೆರಗು ಸರಿಮಾಡಿಕೊಂಡಳು. "ಹಂಗಿದ್ರ ಶುಕ್ರವಾರ ಇತ್ತು ಅಂತನೂ ಬರಿ."