ಚಿದಾನಂದನ ಮಿಲ್ಲಿನ ಅಂಕ

ಉಷಾರಾಣಿಗೆ ಮೊದಲ ಏಟು ಬಿದ್ದದ್ದು ಸೋಮವಾರಪೇಟೆಯಲ್ಲಿ, ಸಂತೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ, ನೂರಾರು ಜನರ ಕಣ್ಣೆದುರಿಗೆ. ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುತ್ತಿದ್ದಳು. ಹಿಂದಿನಿಂದ ಯಾರೋ ಜಡೆ ಹಿಡಿದೆಳೆದರು. ತಿರುಗುವಷ್ಟರಲ್ಲಿ ಎಡ ಮೊಣಕೈಗೆ ಕಬ್ಬಿಣ ಅಪ್ಪಳಿಸಿತು. ಮೂಟೆಗೆ ಚುಚ್ಚಿ ಕಾಫಿಬೀಜದ ಮಾದರಿ ತೆಗೆಯುವ ಚೂಪು ತುದಿಯ ಕೊಳವೆ ಅದು. ಹಿಡಿದಿದ್ದವನು ಚಿದಾನಂದ, ಮಾದಾಪುರ ರಸ್ತೆಯಲ್ಲಿ ಕಾಫಿ ಮಿಲ್ಲು ನಡೆಸುತ್ತಿದ್ದ ವ್ಯಾಪಾರಿ.

"ಏನ್ ಬರ್ದೆ ನನ್ ಮಿಲ್ ಮೇಲೆ? ಹೇಳು, ಏನ್ ಬರ್ದೆ?"

ಅವಳು ಬಾಯಿ ತೆರೆಯುವ ಮೊದಲೇ ಎರಡನೆಯದು ಬಿತ್ತು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಮೂರನೆಯದು ಎಡಗಿವಿಯ ಹಿಂದೆ. ಸೊಪ್ಪಿನ ಕಟ್ಟುಗಳ ಮೇಲೆ ಉರುಳಿದವಳ ಪಕ್ಕೆಗೆ ಅವನು ಚಪ್ಪಲಿ ಕಾಲಿನಿಂದ ಒದ್ದ. ಮೀನು ಮಾರುತ್ತಿದ್ದ ಇಬ್ಬರು ಓಡಿಬಂದು ಸೊಂಟ ತಬ್ಬಿ ಎಳೆದ ಮೇಲೂ ಅವನ ಕಾಲು ಗಾಳಿಯಲ್ಲಿ ಆಡುತ್ತಲೇ ಇತ್ತು.

ಉಷಾರಾಣಿ ಕುಶಾಲನಗರದ ಕಡೆಯ ಹೆಣ್ಣು. ತಾತ ಹಾಸನದ ಕಡೆಯಿಂದ ಬಂದು ಅಲ್ಲಿ ಹೊಲ ಮಾಡಿದವರು. ಹದಿನಾರು ವರ್ಷಗಳಿಂದ ಅವಳು ಮೈಸೂರಿನ ಸಾಲಮಾಹಿತಿ ಸಂಸ್ಥೆಯೊಂದಕ್ಕೆ ಕೊಡಗಿನ ವ್ಯಾಪಾರಗಳ ವಿವರ ಕಲೆಹಾಕಿ ಕೊಡುತ್ತಿದ್ದಳು. ಯಾವ ಅಂಗಡಿ ಸಾಲ ತೀರಿಸಬಲ್ಲದು, ಯಾವುದು ಮುಳುಗುವ ಹಾದಿಯಲ್ಲಿದೆ ಎಂದು ಬ್ಯಾಂಕುಗಳಿಗೆ ತಿಳಿಸುವುದೇ ಆ ಸಂಸ್ಥೆಯ ಕಸುಬು. ಜಿಎಸ್‌ಟಿ ಲೆಕ್ಕ ಸರಿಯಾದ ದಿನಕ್ಕೆ ಸಲ್ಲುತ್ತಿದೆಯೇ, ಮಾಲು ಕೊಟ್ಟವರಿಗೆ ಎಷ್ಟು ದಿನಕ್ಕೆ ಹಣ ಸೇರುತ್ತಿದೆ, ಚೆಕ್ಕು ವಾಪಸಾಗಿದೆಯೇ, ಕೋರ್ಟಿನಲ್ಲಿ ಕೇಸಿದೆಯೇ, ಇಂಥದ್ದೆಲ್ಲ ಕಂಪ್ಯೂಟರಿಗೇ ಸಿಗುತ್ತಿತ್ತು. ಸಿಗದೆ ಹೋದದ್ದನ್ನು ಅವಳು ಸ್ಕೂಟರಿನಲ್ಲಿ ಹೋಗಿ ನೋಡಿ ಬರುತ್ತಿದ್ದಳು. ಗೋದಾಮಿನಲ್ಲಿ ಮೂಟೆಗಳು ನಿಜಕ್ಕೂ ಇವೆಯೇ? ಯಂತ್ರ ಓಡುತ್ತಿದೆಯೇ? ಎಲ್ಲ ಸೇರಿ ಒಂದರಿಂದ ಹತ್ತರೊಳಗೆ ಒಂದು ಅಂಕ ಬೀಳುತ್ತಿತ್ತು. ಅಂಕ ಏರಿದಷ್ಟೂ ಅಪಾಯ.

ಚಿದಾನಂದನ ಮಿಲ್ಲಿನ ಅಂಕ ನಾಲ್ಕಿತ್ತು. ಈ ಸಲ ಕಾಗದದಲ್ಲಿ ಅವನ ಮಾರಾಟ ದುಪ್ಪಟ್ಟಾಗಿತ್ತು. ಆದರೆ ಬೆಳೆಗಾರರಿಗೆ ಇಪ್ಪತ್ತು ದಿನಕ್ಕೆ ಸೇರುತ್ತಿದ್ದ ಹಣ ಐವತ್ತು ದಿನಕ್ಕೆ ಸೇರುತ್ತಿತ್ತು, ಕರೆಂಟ್ ಬಿಲ್ಲು ಅರ್ಧಕ್ಕಿಳಿದಿತ್ತು. ಯಂತ್ರ ಅರ್ಧವೇ ಓಡಿದರೆ ಮಾರಾಟ ದುಪ್ಪಟ್ಟಾಗುವುದು ಹೇಗೆ? ಮಾರಾಟ ಬರೀ ಕಾಗದದ್ದು ಎಂಬ ಅನುಮಾನವಿದೆ ಎಂದು ಬರೆದಳು. ಅಂಕ ಎಂಟಕ್ಕೆ ಹೋಯಿತು. ಬ್ಯಾಂಕು ಸಾಲ ನಿಲ್ಲಿಸಿತು.

ಸುದ್ದಿ ಸೋರಿತು. ಸಂತೆಗೆ ಎರಡು ದಿನ ಮೊದಲು, ಹಣ ಬರಬೇಕಿದ್ದ ನಲವತ್ತು ಬೆಳೆಗಾರರು ಜೀಪು, ಪಿಕಪ್ ತಂದು ಮಿಲ್ಲಿನ ಬೀಗ ಒಡೆದರು. ನನ್ನ ಮೂಟೆ, ನಿನ್ನ ಮೂಟೆ ಎಂದು ತಮ್ಮತಮ್ಮಲ್ಲೇ ಕತ್ತಿ ಎತ್ತಿದರು. ಬಾಗಿಲಿಗೆ ಅಡ್ಡ ನಿಂತ, ಮಿಲ್ಲಿನಲ್ಲಿ ಮೂಟೆ ತೂಗುವ ಆಳು ಮಾರನ ತಲೆಯನ್ನು ಹಾರೆಯಿಂದ ಸೀಳಿದರು. ಚಿದಾನಂದನನ್ನು ಕಾಫಿ ಒಣಗಿಸುವ ಕಣದ ತುಂಬ ಅಂಗಿ ಹರಿಯುವಂತೆ ಎಳೆದಾಡಿದರು. ಸಂಜೆಗೆ ಗೋದಾಮು ಬರಿದಾಗಿತ್ತು.

ಮಡಿಕೇರಿಯ ಆಸ್ಪತ್ರೆಯಲ್ಲಿ ಉಷಾರಾಣಿಯ ಕೈಗೆ ಸ್ಟೀಲ್ ಪ್ಲೇಟು ಕೂರಿಸಿದರು. ಪಕ್ಕದಲ್ಲಿ ಕೂತ ತಮ್ಮ ನವೀನ್ ಹಲ್ಲು ಕಡಿಯುತ್ತಿದ್ದ.

"ನೀನ್ ಹೂಂ ಅನ್ನಕ್ಕ, ಸಾಕು. ಅವ್ನ್ ಎರಡೂ ಕೈ ಮುರಿದ್ ಬರ್ತೀನಿ."

ಬೇಡ ಎಂದಳು. ಆದರೆ ಕಣ್ಣು ಮುಚ್ಚಿದಾಗೆಲ್ಲ ಆ ಕೊಳವೆ ಅವಳ ಕೈಯಲ್ಲೇ ಇರುತ್ತಿತ್ತು, ಕೆಳಗೆ ಬಿದ್ದು ಅರಚುವವನು ಚಿದಾನಂದನಾಗಿರುತ್ತಿದ್ದ. ಅದು ಅವಳಿಗೆ ಹಿತವಾಗಿಯೂ ಇತ್ತು.

ನಾಲ್ಕನೆಯ ದಿನ, ಅದೇ ಆಸ್ಪತ್ರೆಯಲ್ಲಿದ್ದ ಮಾರ ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಅವಳ ಮಂಚದ ಹತ್ತಿರ ಬಂದ.

"ಅವ್ವಾ, ನೀವ್ ಬರ್ದಿದ್ದು ಕರೆಂಟ್ ವಿಷ್ಯ ಅಂತೆ, ಹೌದಾ?"

"ಹೌದು."

"ಹೊಸ ಮಿಷಿನ್‌ಗೆ ಹಿಂದ್ಗಡೆ ಬೇರೆ ಮೀಟರ್ ಐತಲ್ಲವ್ವಾ. ಧಣಿ ಹೆಂಡ್ತಿ ಹೆಸ್ರಲ್ಲಿ. ನೀವ್ ಆ ಕಡೆ ಬರ್ಲೇ ಇಲ್ಲ."

ಹಿತ್ತಲಲ್ಲಿ ಕಟ್ಟಿದ್ದ ನಾಯಿಗೆ ಹೆದರಿ ಉಷಾರಾಣಿ ಆ ಕಡೆ ಹೋಗಿರಲಿಲ್ಲ. ಮಾಲೀಕರ ವಿವರಣೆ ಎಂಬಲ್ಲಿ 'ಸಿಗಲಿಲ್ಲ' ಎಂದು ಬರೆದಿದ್ದಳು. ಚಿದಾನಂದ ಊಟಕ್ಕೆ ಹೋಗಿದ್ದ. ಅರ್ಧ ಗಂಟೆ ಕಾದಿದ್ದರೆ ಸಿಗುತ್ತಿದ್ದ.

ಅಷ್ಟರಲ್ಲಿ ನವೀನ್ ಒಳಗೆ ಬಂದ. ಚಿದಾನಂದನ ಆಳೆಂದು ತಿಳಿದದ್ದೇ ಮಾರನ ಕತ್ತು ಹಿಡಿದು ಗೋಡೆಗೆ ಗುದ್ದಿದ. "ಯಾರೋ ಕಳ್ಸಿದ್ದು ನಿನ್ನ? ಹೆದರ್ಸೋಕ್ ಬಂದ್ಯಾ?" ಹೊಲಿಗೆ ಬಿಟ್ಟು ಬ್ಯಾಂಡೇಜಿನಿಂದ ರಕ್ತ ಇಳಿಯಿತು. ಉಷಾರಾಣಿ ಮಂಚದಿಂದ ಧುಮುಕಿ ಬಲಗೈ ಬೀಸಿ ತಮ್ಮನ ಕೆನ್ನೆಗೆ ಬಾರಿಸಿದಳು. ಅವನು ಬಿಡಲಿಲ್ಲ. ಇನ್ನೊಂದು ಬಾರಿಸಿದಳು.

"ಬಿಡೋ ಅವರನ್ನ! ತಪ್ಪು ನಂದು."

ಮರುದಿನ, ತನ್ನ ವರದಿ ತಪ್ಪು, ಮತ್ತೆ ಪರಿಶೀಲಿಸಿ ಎಂದು ಕಚೇರಿಗೆ ಪತ್ರ ಬರೆದಳು. ಮೇಲಧಿಕಾರಿ ಫೋನ್ ಮಾಡಿ, ಹೆದರಿ ಬರೆದದ್ದು ಅಂತಾರೆ, ನಿಮ್ಮ ಕೆಲಸಕ್ಕೇ ಕುತ್ತು, ವಾಪಸ್ ತಗೊಳ್ಳಿ ಎಂದ. ಅವಳು ತಗೊಳ್ಳಲಿಲ್ಲ. ಬೇರೊಬ್ಬರು ಹೋಗಿ ಎರಡೂ ಮೀಟರ್ ನೋಡಿದರು. ಮಾರಾಟ ನಿಜವಾಗಿತ್ತು. ಹಣ ತಡವಾಗುತ್ತಿದ್ದುದೂ ನಿಜವಾಗಿತ್ತು. ಅಂಕ ಐದಕ್ಕಿಳಿಯಿತು. ಆದರೆ ಒಡೆದ ಮಿಲ್ಲಿಗೆ ಬೆಳೆಗಾರರು ಮರಳಿ ಬರಲಿಲ್ಲ.

ಒಂದು ಮಧ್ಯಾಹ್ನ ಚಿದಾನಂದನ ಹೆಂಡತಿ ತುಳಸಿ ಉಷಾರಾಣಿಯ ಮನೆಗೆ ಬಂದಳು. ಕೂರೆಂದರೂ ಕೂರಲಿಲ್ಲ.

"ತಪ್ಪಾಯ್ತು ಅಂತ ನೀವೇ ಒಪ್ಕೊಂಡ್ರಲ್ಲ ಮೇಡಂ. ಹೊಡೆದಿದ್ದಕ್ಕೆ ನಮ್ಮ ಯಜಮಾನ್ರ ಮೇಲೆ ಹಾಕಿರೋ ಕೇಸ್ ವಾಪಸ್ ತಗೊಳ್ಳಿ. ಕೇಸ್ ಇದ್ರೆ ಬ್ಯಾಂಕ್‌ನವ್ರು ಮತ್ತೆ ನಮ್ಮ ಕಡೆ ತಿರುಗಿ ನೋಡಲ್ಲ."

"ತಪ್ಪು ಬರ್ದಿದ್ದೆ, ತಿದ್ದಿದ್ದೀನಿ ತುಳಸಿಯವ್ರೇ. ಕೆಲ್ಸಾನೂ ಹೋಗತ್ತೆ, ಹೋಗ್ಲಿ. ನನ್ ಕೈ ಮುರಿದಿದ್ದು ನಿಮ್ಮ ಯಜಮಾನ್ರು. ಅದನ್ನ ನಾನು ತಿದ್ದೋಕಾಗಲ್ಲ."

ಆ ವರ್ಷ ಸಂಸ್ಥೆ ಅವಳ ಗುತ್ತಿಗೆ ಮುಂದುವರಿಸಲಿಲ್ಲ. ಈಗ ಕುಶಾಲನಗರದಲ್ಲಿ ಅಂಗಡಿಗಳಿಗೆ ಜಿಎಸ್‌ಟಿ ಲೆಕ್ಕ ಬರೆದುಕೊಡುತ್ತಾಳೆ. ಎಡಗಿವಿ ಮಂದವಾಗಿದೆ, ಮೊಣಕೈ ಪೂರ್ತಿ ಮಡಚುವುದಿಲ್ಲ. ಮೊನ್ನೆ ವಾಯಿದೆಗೆ ಹೋದಾಗ ಕೋರ್ಟಿನ ಮೆಟ್ಟಿಲಲ್ಲಿ ಚಿದಾನಂದ ಎದುರಾದ. ಸೊರಗಿದ್ದ. ಏನೋ ಹೇಳಲೆಂದು ಬಾಯಿ ತೆರೆದು ಒಂದು ಹೆಜ್ಜೆ ಮುಂದಿಟ್ಟ. ಉಷಾರಾಣಿಯ ಬಲಗೈ ತಾನಾಗಿ ಮೇಲೆದ್ದು ತಲೆಗೆ ಅಡ್ಡ ಬಂತು. ಅವನು ಅದನ್ನು ನೋಡಿದ. ಬಾಯಿ ಮುಚ್ಚಿಕೊಂಡು, ಗೋಡೆಗೆ ಒತ್ತಿಕೊಂಡು ನಿಂತು, ಅವಳಿಗೆ ದಾರಿ ಬಿಟ್ಟ.