ಕೇರಿಯಲ್ಲಿ ಬಿದ್ದ ಡಂಗುರದ ಏಟು

ದುರ್ಗಪ್ಪ ಒಂದು ಕಡೆ ನೆಟ್ಟಗೆ ಕೂತದ್ದನ್ನು ಕಂಡವರು ಯಾರೂ ಇರಲಿಲ್ಲ. ಊಟಕ್ಕೆ ಕೂತರೂ ಎರಡು ತುತ್ತಿಗೊಮ್ಮೆ ಎದ್ದು ಬಾಗಿಲ ತನಕ ಹೋಗಿ ಬರುವವನು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಗಂಡನೆಂದು ಹೆಂಡತಿ ಸಾವಂತ್ರೆವ್ವ ಬೈಯುತ್ತಿದ್ದಳು. ಚರ್ಮದ ಹಲಗೆ ಎದೆಗೆ ಬಂದಾಗ ಮಾತ್ರ ಆ ಕಾಲುಗಳು ಹದಕ್ಕೆ ಬರುತ್ತಿದ್ದವು. ಡಂಗುರ ಸಾರುವುದು ಅವನಿಗೆ ತಂದೆಯಿಂದ ಬಂದ ಕೆಲಸ. ಯಾರದೋ ಎಮ್ಮೆ ಕಳೆಯಿತು, ಕಂದಾಯದ ಸಾಹೇಬರು ಬಂದರು, ಮಕ್ಕಳಿಗೆ ಸಿಡುಬಿನ ದೇವಿ ಚುಚ್ಚುವವರು ಬಂದರು, ಏನೇ ಇರಲಿ, ದುರ್ಗಪ್ಪ ಓಣಿ ಓಣಿ ತಿರುಗಿ ಕೂಗಿದ ಮೇಲೆಯೇ ಅದು ಖರೆ ಎನಿಸಿಕೊಳ್ಳುತ್ತಿತ್ತು.

ಊರಿನ ಹೆಸರು ಬೇಡ. ದೊಡವಾಡದಿಂದ ಸವದತ್ತಿಯ ಕಡೆ ಗಾಡಿ ಹೊಡೆದರೆ ಸಿಗುವ ಕರಿಮಣ್ಣಿನ ಊರುಗಳಲ್ಲಿ ಅದೂ ಒಂದು. ಇಲ್ಲಿ ಬರುವ ಗೌಡನಂಥವರು ಎಲ್ಲ ಕಡೆಯೂ ಇದ್ದರು. ಒಂದೇ ಊರಿಗೆ ಯಾಕೆ ಕೆಟ್ಟ ಹೆಸರು?

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡಬೇಕು. ಸರಕಾರದ ನಕಾಶೆಯಲ್ಲಿ ಊರು ಎಂದರೆ ಇಡೀ ಊರು. ಅಲ್ಲಿಯ ಜನರ ಬಾಯಲ್ಲಿ ಊರು ಎಂದರೆ ಅಗಸಿ ಬಾಗಿಲಿನ ಒಳಗಿನದಷ್ಟೇ. ಅಗಸಿಯ ಹೊರಗೆ ಹಳ್ಳದ ದಿಕ್ಕಿಗೆ ಇದ್ದದ್ದು ಕೇರಿ. ಊರವರು ಬೇರೆ, ಕೇರಿಯವರು ಬೇರೆ. ದುರ್ಗಪ್ಪ ಕೇರಿಯವನು. ಆದರೆ ಅವನ ಡಂಗುರ ಊರಿಗೆ ಸೇರಿದ್ದು. ಬಿಟ್ಟಿ ಕೆಲಸಕ್ಕೆ ಬರಬೇಕು ಎಂದು ಕೇರಿಗೆ ಹೇಳುವುದಿದ್ದರೆ ಹಲಗೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಬರೀ ಬಾಯಲ್ಲಿ ಹೇಳಿದರೆ ಸಾಕಾಗುತ್ತಿತ್ತು. ಮದುವೆಗೆ, ಸಾವಿಗೆ ಕೇರಿಯಲ್ಲೂ ಹಲಗೆ ಬಾರಿಸುತ್ತಿದ್ದ. ಅದರ ಏಟೇ ಬೇರೆ. ಡಂಗುರದ ಏಟು ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇರಿಯಲ್ಲಿ ಬಿದ್ದಿರಲಿಲ್ಲ. ಇದನ್ನು ಯಾರೂ ಕಟ್ಟಳೆ ಎಂದು ಹೇಳಿಕೊಟ್ಟದ್ದಲ್ಲ, ಹಾಗೆ ನಡೆದು ಬಂದಿತ್ತು.

ಪ್ಲೇಗು ಬಂದು ಹೋದ ಕೆಲವು ವರ್ಷಕ್ಕೆ ಮುಂಬಯಿಯ ಹತ್ತಿ ಕಂಪನಿಯೊಂದು ಬೈಲಹೊಂಗಲದಲ್ಲಿ ಗಿರಣಿ ಹಾಕಿತು. ಆ ಕಂಪನಿಗೆ ಒಂದು ಧರ್ಮಖಾತೆ ಇತ್ತು. ಹತ್ತಿ ಕೊಳ್ಳುವ ಊರುಗಳಲ್ಲಿ ಒಂದಕ್ಕೆ ಔಷಧದ ಪೆಟ್ಟಿಗೆ, ಇನ್ನೊಂದಕ್ಕೆ ಶಾಲೆಯ ಹಂಚು, ಹೀಗೆ ಏನಾದರೂ ಮಾಡಿಸಿಕೊಡುತ್ತಿದ್ದರು. ಈ ಊರಿಗೆ ಬಾವಿ ಎಂದು ಠರಾವಾಯಿತು. ಹಿಂದಿನ ಬೇಸಿಗೆಯ ಕಾಲರಾದಲ್ಲಿ ಹನ್ನೊಂದು ಜನ ಹೋಗಿದ್ದರು. ಹನ್ನೊಂದರಲ್ಲಿ ಒಂಬತ್ತು ಕೇರಿಯವರು, ಹಳ್ಳದ ಒರತೆಯ ನೀರು ಕುಡಿದವರು. ಅವರಲ್ಲಿ ಒಬ್ಬಳು ದುರ್ಗಪ್ಪನ ಮಗಳು ರಾಯವ್ವ. ಮುಂದಿನ ತಿಂಗಳು ಅವಳ ಮದುವೆ ಇತ್ತು.

ಕಂಪನಿ ಬರುತ್ತದೆ ಎಂದು ದುರ್ಗಪ್ಪ ಮೊದಲ ಸಲ ಸಾರಿದಾಗ ಊರಲ್ಲಿ ನಗೆಪಾಟಲಾಯಿತು. ಹರೆಯದವರು ನಾಟಕದ ಕಂಪನಿ ಎಂದು ತಿಳಿದು ಕುಣಿದರು. ಕಿತ್ತೂರಿನ ತವರಿನವಳಾದ ಮುದಿ ಮುದಕವ್ವ ಕಟ್ಟೆಯ ಮೇಲೆ ಎದೆ ಎದೆ ಬಡಿದುಕೊಂಡಳು. "ಮತ್ತ ಬಂತೇನೋ ಕಂಪನಿ? ಕಿತ್ತೂರ ನುಂಗಿ ನೀರ ಕುಡದ್ರು, ಈಗ ನಮ್ಮ ಊರ ನುಂಗಾಕ ಬಂದಾರೇನು?" ಇದು ಆ ಕಂಪನಿ ಅಲ್ಲ, ಹತ್ತಿ ಕಂಪನಿ, ಬಾವಿ ತೋಡಿಸಲು ಬರುತ್ತದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಕುಲಕರ್ಣಿಗೆ ಸಾಕೋ ಸಾಕಾಯಿತು.

ಗೌಡ ನಿಜಗುಣಪ್ಪನಿಗೆ ಬಾವಿ ಅಗಸಿಯ ಒಳಗೇ ಬೇಕಿತ್ತು. ನೀರು ಸಿಕ್ಕಿದ್ದು ಹೊರಗೆ, ಗಾಡಿದಾರಿಯ ಮಗ್ಗುಲಲ್ಲಿ. ತೋಡಿದವರು, ಕಲ್ಲು ಹೊತ್ತವರು ಎಲ್ಲ ಕೇರಿಯವರೇ. ದುರ್ಗಪ್ಪನೂ ಬುಟ್ಟಿ ಬುಟ್ಟಿ ಮಣ್ಣು ಹೊತ್ತ. ನೆಲದೊಳಗಿನಿಂದ ಸೆಲೆ ಒಡೆದ ದಿನ ಅವನು ಆ ನೀರಿನಲ್ಲಿ ಮೊಣಕಾಲಿನವರೆಗೆ ನಿಂತು ಬಿಕ್ಕಿ ಬಿಕ್ಕಿ ಅತ್ತ. ಒಂದು ವರ್ಷ ತಡವಾಗಿ ಬಂದ ನೀರು.

ಬಾವಿ ತೆರೆಯುವ ಹಿಂದಿನ ದಿನ ಕಂಪನಿಯ ಗುಮಾಸ್ತ ಮಲಕಾಜಪ್ಪ ಬೈಲಹೊಂಗಲದಿಂದ ಕಾಗದ ತಂದ. ಚಾವಡಿಯ ಮುಂದೆ ದುರ್ಗಪ್ಪನಿಗೆ ಅದನ್ನು ಓದಿ ಹೇಳಿದ. "ಊರಿನ ಸಮಸ್ತ ಜನರ ಉಪಯೋಗಕ್ಕಾಗಿ ಅಂತ ಬರದಾರ. ಹಂಗ ಸಾರಿಬಿಡು."

ದುರ್ಗಪ್ಪ ಕಾಲು ಬದಲಿಸುತ್ತ ನಿಂತ. "ಊರಿನ ಸಮಸ್ತರು ಅಂದ್ರ, ಯಪ್ಪಾ, ನಮ್ಮ ಕೇರಿನೂ ಬಂತೇನ್ರಿ ಅದರಾಗ?"

ಪೇಟೆಯವನಾದ ಮಲಕಾಜಪ್ಪ ಈ ಪ್ರಶ್ನೆಗೆ ತಯಾರಾಗಿರಲಿಲ್ಲ. ಮುಂಬಯಿಯಲ್ಲಿ ಕೂತು ಕಾಗದ ಬರೆದ ಪುಣ್ಯಾತ್ಮರಿಗೂ ಊರು ಎಂಬ ಮಾತಿನೊಳಗೆ ಒಂದು ಗೋಡೆ ಇದೆ ಎಂದು ಗೊತ್ತಿರಲಿಕ್ಕಿಲ್ಲ. "ಸಮಸ್ತರು ಅಂದ್ರ ಸಮಸ್ತರು," ಎಂದವನು ಗೌಡನ ಮುಖ ನೋಡಿ, "ಗೌಡ್ರು ಹೇಳತಾರ ತಗೋ," ಎಂದು ಜಾರಿಕೊಂಡ.

ಗೌಡ ಸಿಟ್ಟಾಗಲಿಲ್ಲ, ಮೆಲ್ಲಗೆ ನಕ್ಕ. "ಕಾಗದದಾಗ ಕೇರಿ ಅಂತ ಐತೇನ್ರಿ ಗುಮಾಸ್ತರ? ಇಲ್ಲ. ಊರು ಅಂತ ಐತಿ. ದುರ್ಗ್ಯಾ, ಇದ್ದದ್ದ ಇದ್ದಂಗ ಸಾರು. ಒಂದಕ್ಷರ ಹೆಚ್ಚಾಗಬಾರದು, ಒಂದಕ್ಷರ ಕಡಿಮಿ ಆಗಬಾರದು. ನಿಮ್ಮ ಹೆಣ್ಮಕ್ಕಳು ದೂರ ನಿಂತ್ರ ಯಾರರ ಒಂದು ಕೊಡ ಹಾಕತಾರ."

ಮನೆಗೆ ಬಂದ ದುರ್ಗಪ್ಪ ಕೂತ, ಎದ್ದ, ಹಲಗೆ ಇಳಿಸಿದ, ಮತ್ತೆ ಗೂಟಕ್ಕೆ ಹಾಕಿದ, ಹಿತ್ತಲಿಗೆ ಹೋದ, ಬಂದ.

"ಏನಂದ್ರು ಗೌಡ್ರು?" ಸಾವಂತ್ರೆವ್ವ ಕೇಳಿದಳು.

"ಊರ ಮಂದಿಗಂತ."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹಂಗಾರ ರಾಯವ್ವ ಯಾವ ಊರಾಕಿ? ಯಾವ ಊರಿನ ಲೆಕ್ಕದಾಗ ಸತ್ಳಂತ ಕೇಳಬೇಕಿತ್ತು ನೀ."

"ನಾ ಕೇಳಾಂವಲ್ಲ, ಸಾವಂತ್ರಿ. ನಾ ಕೂಗಾಂವ."

"ಮೂವತ್ತು ವರ್ಷ ಮಂದೀ ಮಾತ ಕೂಗಿದಿ," ಎಂದಳು ಅವಳು. ಆಮೇಲೆ ಅವನಿಗೆ ಬೆನ್ನು ಹಾಕಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಬೆಳಗ್ಗೆ ದುರ್ಗಪ್ಪ ಹುಲ್ಲಿನ ಉರಿಗೆ ಹಿಡಿದು ಹಲಗೆ ಕಾಯಿಸಿದ. ಚರ್ಮ ಬಿಗಿದು ಟಣ್ ಎಂದಿತು. ಅಗಸಿಯಲ್ಲಿ ಮೊದಲ ಏಟು ಹಾಕಿದ. "ಕೇಳ್ರೆಪ್ಪೋ ಕೇಳ್ರಿ! ಕಂಪನಿ ಬಾವಿ ಇವತ್ತ ತೆರೀತೈತಿ! ಊರಿನ ಸಮಸ್ತರೂ ಬಂದು ನೀರ ತುಂಬಿಕೊಳ್ಳಬೇಕ್ರೆಪ್ಪೋ!" ಗೌಡರ ಓಣಿಯಲ್ಲಿ ಕೂಗಿದ, ಪೇಟೆ ಓಣಿಯಲ್ಲಿ ಕೂಗಿದ, ಕುಂಬಾರ ಓಣಿಯಲ್ಲಿ ಕೂಗಿದ. ಎಂದೂ ಇಲ್ಲದ್ದು, ಹಲಗೆ ಎದೆಯ ಮೇಲಿದ್ದರೂ ಕಾಲು ತಪ್ಪಿ ತಪ್ಪಿ ಬೀಳುತ್ತಿದ್ದವು. ಕೇರಿ ಎಂಬ ಎರಡಕ್ಷರ ಸೇರಿಸಿಬಿಡಲೇ ಎಂದು ಪ್ರತಿ ಮೂಲೆಯಲ್ಲೂ ಅನ್ನಿಸಿತು. ಪ್ರತಿ ಮೂಲೆಯಲ್ಲೂ ಗೌಡನ ನಗೆ ನೆನಪಾಯಿತು. ಅಂಜಿದ್ದ, ಸುಳ್ಳು ಯಾಕೆ ಹೇಳಬೇಕು?

ಊರು ಮುಗಿಯಿತು. ಅಲ್ಲಿಂದ ಹಲಗೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಮನೆಗೆ ಹೋಗುವುದು ವಾಡಿಕೆ. ದುರ್ಗಪ್ಪ ಅಗಸಿ ದಾಟಿದ. ಬಾವಿಯ ಹತ್ತಿರ ಗೌಡ, ಮಲಕಾಜಪ್ಪ, ಪೂಜೆಯ ತಟ್ಟೆ ಹಿಡಿದ ಹೆಂಗಸರು ನಿಂತಿದ್ದರು. ಅವನು ಅವರನ್ನೂ ದಾಟಿದ. ಹಲಗೆ ಇನ್ನೂ ಎದೆಯ ಮೇಲೇ ಇತ್ತು. ಕೇರಿಯ ಬೇವಿನ ಗಿಡದ ಕೆಳಗೆ ಬಂದು ನಿಂತು ಕೈಯೆತ್ತಿದ.

ಡಂಗುರದ ಏಟು ಕೇರಿಯಲ್ಲಿ ಬಿತ್ತು.

"ಕೇಳ್ರೆಪ್ಪೋ ಕೇಳ್ರಿ! ಊರಿನ ಸಮಸ್ತರೂ ಬಂದು ನೀರ ತುಂಬಿಕೊಳ್ಳಬೇಕ್ರೆಪ್ಪೋ!"

ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಕೇರಿಯ ಜನ ಹೊರಗೆ ಬಂದು ಬೆಪ್ಪಾಗಿ ನಿಂತರು. ಈ ಏಟು ತಮಗೆ ಬಿದ್ದದ್ದೇ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಕೊಡ ಎತ್ತಿದವಳು ಸಾವಂತ್ರೆವ್ವ. ಗಂಡನ ಕಡೆ ಒಂದು ಸಲ ನೋಡಿ, ಬಿರಬಿರನೆ ಬಾವಿಗೆ ನಡೆದಳು. ಮಲಕಾಜಪ್ಪ ಕಾಗದ ಬಿಡಿಸಿ ಅದರಲ್ಲೇ ಮುಖ ಮುಚ್ಚಿಕೊಂಡ. ಅವಳು ಬಾವಿಯ ಗಡಗಡಿ ರಾಟೆಗೆ ಹಗ್ಗ ಹಾಕಿ, ಯಾರ ಕೈಯನ್ನೂ ಕಾಯದೆ, ತನ್ನ ಕೈಯಿಂದ ನೀರು ಸೇದಿಕೊಂಡಳು.

ಗೌಡನಿಗೆ ಬಾಯಿ ಬಂದದ್ದು ದುರ್ಗಪ್ಪ ಹಲಗೆಯನ್ನು ಮನೆಯ ಗೂಟಕ್ಕೆ ಹಾಕಿ, ಅವಳು ಕೊಡ ಹೊತ್ತು ಮನೆ ಸೇರಿದ ಮೇಲೆ. ಕೇರಿಯೊಳಗೆ ಕಾಲಿಡದೆ ಅಂಚಿನಲ್ಲೇ ನಿಂತು ಗೌಡ ಕೂಗಿದ. "ದುರ್ಗ್ಯಾ! ಹೊರಗ ಬಾರೋ! ಹಲಗಿ ತಗೊಂಡ ಬಾ! ಕೇರಿಯವರು ಬಾವಿ ಮುಟ್ಟಬಾರದಂತ ಈಗಿಂದೀಗ ಸಾರು!"

ಸಾರಿದ ಮಾತನ್ನು ಹಿಂದೆ ತೆಗೆಯಲು ಇನ್ನೊಂದು ಡಂಗುರವೇ ಬೇಕು. ಊರಿಗೆ ಇದ್ದದ್ದು ಒಂದೇ ಹಲಗೆ. ಅದನ್ನು ಊರವರು ಯಾರೂ ಮುಟ್ಟುವ ಹಾಗಿರಲಿಲ್ಲ. ಮುಟ್ಟಿದರೆ ಅವರ ಮೈಲಿಗೆ ಅವರಿಗೇ.

ಗೌಡನ ದನಿ ಕೇಳಿದ್ದೇ ದುರ್ಗಪ್ಪ ಧಡಕ್ಕನೆ ಎದ್ದ. ಮೂವತ್ತು ವರ್ಷದ ಅಭ್ಯಾಸ. ಮನಸ್ಸು ಬೇಡ ಬೇಡ ಎಂದರೂ ಕೈ ಗೂಟದ ಹಲಗೆಯನ್ನು ಇಳಿಸಿತು. ಇನ್ನೊಂದು ಹೆಜ್ಜೆ ಇಟ್ಟರೆ ಹೊಸ್ತಿಲು. ಸಾವಂತ್ರೆವ್ವ ಅಡ್ಡ ಬಂದಳು. ಸೊಂಟದ ಮೇಲಿನ ಕೊಡವನ್ನು ಬಗ್ಗಿಸಿ ಹಲಗೆಯ ಮೇಲೆ ನೀರು ಸುರಿದಳು. ಮಳೆಗಾಲದಲ್ಲಿ ಅವನು ಎದೆಗವುಚಿ ಕಾಯುತ್ತಿದ್ದ ಚರ್ಮ ಕುಡಿಕುಡಿದು ಜೋತುಬಿತ್ತು. ಕೊಡ ಖಾಲಿಯಾಗುವ ತನಕ ಅವಳು ಸುರಿದಳು. ಅವನು ಹಿಡಿದುಕೊಂಡೇ ನಿಂತ.

ಅದನ್ನು ಹಾಗೇ ಎತ್ತಿಕೊಂಡು ಹೋಗಿ ಗೌಡನ ಎದುರು ಹಿಡಿದ. ನೀರು ತೊಟ್ಟಿಕ್ಕುತ್ತಿತ್ತು. ಒಂದು ಏಟು ಹಾಕಿ ತೋರಿಸಿದ. ಒದ್ದೆ ಗೋಣಿಚೀಲಕ್ಕೆ ಹೊಡೆದಂತೆ ಸದ್ದಾಯಿತು.

"ತೊಯ್ದೈತ್ರಿ, ಧಣಿ. ಸುಡಸುಡು ಉರಿಗೆ ಹಿಡದ್ರ ಹರೀತೈತಿ. ನೆರಳಿನಾಗ ಒಣಗಬೇಕು, ನಾಕೈದ ದಿನ ಬೇಕ."

"ಯಾರೋ ನೀರ ಹಾಕಿದ್ದು ಇದಕ್ಕ?" ಗೌಡ ಹಲ್ಲು ಕಡಿದ.

ದುರ್ಗಪ್ಪನ ಕಾಲು ಅಲುಗಾಡಲಿಲ್ಲ. ಹಲಗೆ ಎದೆಯ ಮೇಲಿರಲಿಲ್ಲ, ಆದರೂ ಅಲುಗಾಡಲಿಲ್ಲ.

"ಊರ ಮಂದಿ ಹಾಕ್ಯಾರ್ರಿ," ಎಂದ.