ಉಪ್ಪುನೀರಿನ ಅಲಸಂದೆ

ನಮ್ಮ ಬಾಟನಿ ಮೇಷ್ಟ್ರ ಬಲಗೈ ಕಿರುಬೆರಳಿನ ತುದಿ ಸದಾ ಸುಕ್ಕುಗಟ್ಟಿ ಬೆಳ್ಳಗಿರುತ್ತಿತ್ತು. ಉಪ್ಪುನೀರಿಗೆ ಅದ್ದುವುದು, ನಾಲಿಗೆಗೆ ಮುಟ್ಟಿಸುವುದು, ತಲೆಯಾಡಿಸುವುದು. ಲ್ಯಾಬಿನಲ್ಲಿ ಅಳತೆಯ ಸಾಮಾನು ಎಷ್ಟಿದ್ದರೂ ಅವರು ನಂಬುತ್ತಿದ್ದದ್ದು ಆ ಬೆರಳನ್ನೇ. ಕ್ಯಾಂಟೀನಿನ ಸಾರಿಗೂ ಅದೇ ಪರೀಕ್ಷೆ.

ಎಪ್ಪತ್ತರ ದಶಕದ ಕೊನೆ. ಜಯನಗರದ ಕಾಲೇಜಿನಲ್ಲಿ ನನ್ನದು ಬಿ.ಎಸ್ಸಿ. ಕೊನೆಯ ವರ್ಷ. ಚೌಳು ನೆಲದಲ್ಲಿ ಅಲಸಂದೆ ಹೇಗೆ ಬದುಕುತ್ತದೆ ಎಂಬುದು ಅವರು ಕೊಟ್ಟ ಪ್ರಾಜೆಕ್ಟು. ತ್ಯಾಗರಾಜನಗರದ ನಮ್ಮ ಮನೆಯ ತಾರಸಿಯಲ್ಲಿ ಹನ್ನೆರಡು ವನಸ್ಪತಿ ಡಬ್ಬಿಗಳು ಸಾಲಾಗಿ ಕೂತವು. ಆರಕ್ಕೆ ಸಿಹಿನೀರು, ಆರಕ್ಕೆ ಉಪ್ಪುನೀರು. ಭಾನುವಾರ ಮೇಷ್ಟ್ರು ಸೈಕಲ್ಲಿನಲ್ಲಿ ಬಂದು, ನಮ್ಮಜ್ಜಿ ಕೊಟ್ಟ ಕಾಫಿ ಕುಡಿದು, ಗಿಡಗಳ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು.

“ನೋಡಮ್ಮ, ಉಪ್ಪನ್ನೆಲ್ಲ ಹಳೇ ಎಲೆಗೆ ಕಳಿಸಿ ಉದುರಿಸ್ತಿದೆ. ಹೊಸ ಎಲೆ ಸಣ್ಣದು, ಆದ್ರೆ ದಪ್ಪ. ನೀರು ಹೋಗ್ದೇ ಇರ್ಲಿ ಅಂತ ಎಲೆ ತನ್ನ ಸಣ್ಣ ಸಣ್ಣ ಬಾಯಿ ಅರ್ಧ ಮುಚ್ಕೊಂಡಿದೆ. ಗಾಳಿ ಕಮ್ಮಿ, ಅಡುಗೇನೂ ಕಮ್ಮಿ. ಆದ್ರೂ ಒಲೆ ಆರಿಸಿಲ್ಲ.”

ಪಕ್ಕದ ಮನೆಯ ಸುದ್ದಿ ಹೇಳುವಂತೆ ಎಲೆಗಳ ಸಂಸಾರ ಹೇಳುತ್ತಿದ್ದರು. ನನಗೆ ಆ ಭಾನುವಾರಗಳೆಂದರೆ ಹಬ್ಬ.

ರೆಕಾರ್ಡು ಒಪ್ಪಿಸಲು ಹತ್ತು ದಿನವಿತ್ತು. ಉಪ್ಪುನೀರಿನವುಗಳಲ್ಲಿ ತೀರಾ ಬಾಡಿದ್ದ ಮೂರು ಗಿಡ ಇದ್ದಕ್ಕಿದ್ದಂತೆ ನಳನಳಿಸತೊಡಗಿದವು. ಎಲೆ ಬೇಯಿಸಿ ಅಯೋಡಿನ್ ಹಾಕಿದರೆ ಪಿಷ್ಟ ತುಂಬಿದ್ದರಿಂದ ಕಪ್ಪಗಾಗುತ್ತಿತ್ತು. ಮೇಷ್ಟ್ರು ಡಬ್ಬಿಯಡಿಯ ತಟ್ಟೆಗೆ ಬೆರಳದ್ದಿ ನೆಕ್ಕಿದರು.

“ಉಪ್ಪಿಲ್ಲ. ಅಕ್ಕಿ ತೊಳೆದ ನೀರು ಕಣಮ್ಮ ಇದು.”

ಕಾಫಿ ಲೋಟ ಹಿಡಿದು ಬಂದ ಅಜ್ಜಿ ಅಳುಕಲಿಲ್ಲ. “ಇವಳು ಕಲಸಿಟ್ಟ ಉಪ್ಪುನೀರು ಚೆಲ್ಲಿ ನಾನೇ ಹಾಕಿದ್ದು, ಒಂದು ವಾರದಿಂದ. ಸಾಯೋ ಗಿಡಕ್ಕೆ ದಿನಾ ಉಪ್ಪುನೀರು ಹುಯ್ಯೋದ್ ನೋಡಿದ್ರೆ ನನಗೆ ಊಟ ಸೇರುತ್ತಾ ಮೇಷ್ಟ್ರೇ?”

ಮತ್ತೆ ಬಿತ್ತಲು ಸಮಯವಿಲ್ಲ. ಪ್ರಾಜೆಕ್ಟು ಕೆಟ್ಟರೆ ಎಂ.ಎಸ್ಸಿ. ಸೀಟಿನ ಆಸೆಯೂ ಮುಗಿಯಿತು. ಮಾರನೆಯ ದಿನ ಆ ಮೂರು ಡಬ್ಬಿಗಳಿಗೆ ಸುಳ್ಳು ಅಂಕಿ ತುಂಬಿ ರೆಕಾರ್ಡು ಒಯ್ದೆ. ಮೇಷ್ಟ್ರು ಓದಿದರು, ಬೈಯಲಿಲ್ಲ. ಅಂಕಿಗಳ ಮೇಲೆ ಗೀಟೆಳೆದು, ಸ್ಕೇಲಿಟ್ಟು ಪಕ್ಕದಲ್ಲೊಂದು ಕಾಲಂ ಹಾಕಿ, ಅದರ ತಲೆಯ ಮೇಲೆ ‘ಅಜ್ಜಿ’ ಎಂದು ಬರೆದರು.

“ಉಪ್ಪು ನಿಲ್ಲಿಸಿದ್ರೆ ಗಿಡ ಎಷ್ಟು ದಿನಕ್ಕೆ ಸುಧಾರಿಸ್ಕೊಳ್ಳುತ್ತೆ ಅಂತ ನಾವಿಬ್ರೂ ಕೇಳ್ಲೇ ಇಲ್ಲ. ನಿಮ್ಮಜ್ಜಿ ಕೇಳಿದಾರೆ. ನಡೆದದ್ದು ಬರಿ.”

ಬರೆದೆ. ಹೊರಗಿನಿಂದ ಬಂದ ಪರೀಕ್ಷಕರು ಆ ಪುಟವನ್ನು ಎರಡು ಸಲ ಓದಿ, “ಅಜ್ಜಿ ಎಷ್ಟು ನೀರು ಹಾಕ್ತಿದ್ರು?” ಎಂದರು. “ಡಬ್ಬಿಗೊಂದು ಚೊಂಬು ಸಾರ್,” ಎಂದೆ. ಅವರು ನಕ್ಕುಬಿಟ್ಟರು. ಸೀಟು ಸಿಕ್ಕ ದಿನ ಮೇಷ್ಟ್ರು ಮೈಸೂರು ಪಾಕು ತಂದರು, ನನಗಲ್ಲ, ಅಜ್ಜಿಗೆ. “ನಮ್ಮ ಸೀನಿಯರ್ ವಿಜ್ಞಾನಿಗಳಿಗೆ,” ಎಂದು ಕೈಮುಗಿದರು.

ಮೇಷ್ಟ್ರು ತೀರಿಕೊಂಡಾಗ ನಾನೂ ಪಾಠ ಹೇಳುತ್ತಿದ್ದೆ. ಅವರ ಋಣ ತೀರಿಸುವಂಥದ್ದಲ್ಲ. ನನ್ನ ವಿದ್ಯಾರ್ಥಿಗಳ ರೆಕಾರ್ಡಿನಲ್ಲಿ ಮಾತ್ರ ಕೊನೆಗೊಂದು ಹೆಚ್ಚಿನ ಕಾಲಂ ನಾನೇ ಎಳೆದು, ‘ಅಜ್ಜಿ’ ಎಂದು ಬರೆದು ಕೊಡುತ್ತೇನೆ. ಮೊದಲು ಎಲ್ಲರೂ ನಗುತ್ತಾರೆ. ವರ್ಷ ಮುಗಿಯುವಷ್ಟರಲ್ಲಿ ಅದು ಯಾರದ್ದೂ ಖಾಲಿ ಇರುವುದಿಲ್ಲ.